ರವಿವಾರದ ಮನೆಯ ಮಗಳು

ನಾನು ಮೊದಲ ಸಲ ಚರ್ಚಿನ ಮೆಟ್ಟಿಲು ಹತ್ತಿದ್ದು ನನ್ನ ನಾಲಿಗೆಯ ದೆಸೆಯಿಂದ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಗ ಭೂಗೋಳ ಕಲಿಸುತ್ತಿದ್ದೆ. ಮುಂಬಯಿ ರಾಜ್ಯದಿಂದ ಬಿಡಿಸಿ ನಮ್ಮನ್ನು ಮೈಸೂರಿಗೆ ಸೇರಿಸಿದ ಹೊಸದು. ಗೋಡೆಯ ಮೇಲಿನ ನಕಾಶೆಗಳೆಲ್ಲ ಹಳೆಯವು, ಗಡಿಗಳೆಲ್ಲ ಹೊಸವು. ಹೀಗಾಗಿ ಸಿಟ್ಟು ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಚರ್ಚಿನವರು ನಡೆಸುತ್ತಿದ್ದ ಅನಾಥ ಹೆಣ್ಣುಮಕ್ಕಳ ಬೋರ್ಡಿಂಗಿನಿಂದ ಕೆಲವು ದೊಡ್ಡ ಹುಡುಗಿಯರು ನಮ್ಮಲ್ಲಿ ಓದಲು ಬರುತ್ತಿದ್ದರು. ಒಂದು ದಿನ ಅವರಿಗೆ ಜೋಳ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಉಗ್ರಾಣದಿಂದ ಎಂದರು. ಶಾಲೆ ಬಿಟ್ಟ ಮೇಲೆ ನಮ್ಮಲ್ಲೇ ಹೊಲಿಗೆ ಕಲಿಸುತ್ತಿದ್ದ ಪಾಸ್ಟರರ ಹೆಂಡತಿಯನ್ನು ತಡೆದು ನಿಲ್ಲಿಸಿ, ನಿಮ್ಮ ಹುಡುಗಿಯರಿಗೆ ಯೆರೂಸಲೇಮಿನ ಬಾಗಿಲುಗಳೆಲ್ಲ ಬಾಯಿಪಾಠ, ಧಾರವಾಡದ ಸಂತೆ ಎಲ್ಲಿ ಕೂಡುತ್ತದೆ ಗೊತ್ತಿಲ್ಲ ಎಂದುಬಿಟ್ಟೆ.

ಆಕೆ ಸಿಟ್ಟಾಗಲಿಲ್ಲ. ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಹಂಗಾದ್ರ ನೀವ ತೋರಸ್ರಿ" ಎಂದರು.

ಅದು ಬರಿಯ ಮಾತಲ್ಲ ಎಂದು ಮರುದಿನ ಗೊತ್ತಾಯಿತು. ಬೋರ್ಡಿಂಗಿನ ಹುಡುಗಿಯರು ಗಂಟೆ ಹೊಡೆದರೆ ಏಳುವವರು, ಗಂಟೆ ಹೊಡೆದರೆ ಉಣ್ಣುವವರು. ಹದಿನೆಂಟು ತುಂಬಿತೆಂದರೆ ಅಲ್ಲಿಂದ ಹೊರಡಬೇಕು. ಆದರೆ ಒಂದು ಸಂಸಾರ ಹೇಗೆ ನಡೆಯುತ್ತದೆ, ಗಂಡ ಹೆಂಡತಿ ಹೇಗೆ ಜಗಳಾಡಿ ಹೇಗೆ ರಾಜಿಯಾಗುತ್ತಾರೆ, ಬಾರದ ನೆಂಟರು ಬಂದರೆ ಇದ್ದ ಸಾರಿಗೆ ಎಷ್ಟು ನೀರು ಸುರಿಯುತ್ತಾರೆ ಎಂಬುದನ್ನು ಅವರು ಕಣ್ಣಿಂದ ಕಂಡವರಲ್ಲ. ಅದಕ್ಕೆ ಪಾಸ್ಟರರ ಹೆಂಡತಿ ಒಂದು ಏರ್ಪಾಡು ಮಾಡಿದ್ದರು. ಒಬ್ಬೊಬ್ಬ ದೊಡ್ಡ ಹುಡುಗಿಗೆ ಒಂದೊಂದು 'ರವಿವಾರದ ಮನಿ'. ಆರಾಧನೆ ಮುಗಿದ ಮೇಲೆ ಹುಡುಗಿ ಆ ಮನೆಗೆ ಹೋಗಿ ಸಂಜೆಯ ತನಕ ಇರುವುದು, ಮನೆಯಾಕೆ ಅವಳಿಗೆ ಲೋಕ ತೋರಿಸುವುದು, ಬುದ್ಧಿ ಹೇಳುವುದು. ಇದಕ್ಕೆ ಪಗಾರವೂ ಇಲ್ಲ, ಹೊಗಳಿಕೆಯೂ ಇಲ್ಲ. ಮೊದಲು ಒಪ್ಪಿಕೊಂಡ ಒಂದಿಬ್ಬರು ಬುದ್ಧಿ ಹೇಳುವುದನ್ನು ಬಿಟ್ಟು ಬಟ್ಟೆ ಒಗೆಯಲು ಹಚ್ಚಿದ್ದರಂತೆ. ಆ ಮನೆಗಳನ್ನು ಬಿಡಿಸಿದ್ದರಿಂದ ಈಗ ಮನೆಗಳು ಸಾಲುತ್ತಿರಲಿಲ್ಲ.

ನಾವು ಲಿಂಗವಂತರು. ನಮ್ಮ ಮನೆಗೆ ಕ್ರಿಸ್ತರ ಹುಡುಗಿಯನ್ನು ಕಳಿಸುವುದೋ ಬೇಡವೋ ಎಂದು ಅವರ ಸಭೆಯ ಹಿರಿಯರಲ್ಲಿ ದೊಡ್ಡ ಚರ್ಚೆಯೇ ನಡೆಯಿತಂತೆ. ಕೊನೆಗೆ ಒಪ್ಪಿದ್ದು ಕರಾರಿನ ಮೇಲೆ. ಹುಡುಗಿಯ ಹಣೆಗೆ ಕುಂಕುಮ ಹಚ್ಚಬಾರದು, ಪೂಜೆಗೆ ಕೂರಿಸಬಾರದು, ನಮ್ಮ ಶಾಸ್ತ್ರಗಳಲ್ಲಿ ಅವಳನ್ನು ಸೇರಿಸಬಾರದು. ಇದನ್ನು ನಾನು ಸಭೆಯ ಮುಂದೆ ಬಂದು ಒಪ್ಪಿಕೊಳ್ಳಬೇಕು. ಮಾತಾಡಿದ ಮೇಲೆ ಹಿಂದೆಗೆಯುವ ಜಾಯಮಾನ ನನ್ನದಲ್ಲ. ಒಂದು ರವಿವಾರ ಇಳಕಲ್ ಸೀರೆ ಉಟ್ಟು, ಕೊರಳಲ್ಲಿ ಲಿಂಗ, ಹಣೆಯಲ್ಲಿ ಕಾಸಗಲದ ಕುಂಕುಮ, ಹೀಗೆ ಹೋಗಿ ಹೆಂಗಸರ ಕಡೆಯ ಬೆಂಚಿನ ಮೇಲೆ ಕುಳಿತೆ. ಬೋರ್ಡಿಂಗಿನ ಹುಡುಗಿಯರೆಲ್ಲ ಒಂದೇ ತಾನಿನ ಬಟ್ಟೆ ತೊಟ್ಟು ಮುಂದೆ ಚಾಪೆಯ ಮೇಲೆ ಕೂತಿದ್ದರು. ಪಾಸ್ಟರು ಕರೆದು ಕೇಳಿದಾಗ, ತರಗತಿಯ ಕೊನೆಯ ಸಾಲಿಗೂ ಕೇಳುವಂಥ ನನ್ನ ದನಿಯಲ್ಲಿ 'ಒಪ್ಪಿದೆ' ಎಂದೆ. ಚಾಪೆಯ ಮೇಲೆ ಯಾರೋ ಕಿಸಕ್ಕೆಂದರು. ಹಾಗೆ ನಕ್ಕವಳೇ ನನ್ನ ಪಾಲಿಗೆ ಬಂದ ಹುಡುಗಿ.

ಅವಳಿಗೆ ಆಗ ಹದಿನೈದು. ತಾಯಿ ಸತ್ತ ಮೇಲೆ ತಂದೆ ತಂದು ಬೋರ್ಡಿಂಗಿನಲ್ಲಿ ಬಿಟ್ಟವನು ತಿರುಗಿ ಬಂದಿರಲಿಲ್ಲ. ನಮ್ಮ ಮನೆಯ ಅಂಗಳದಲ್ಲಿ ಮೊದಲ ದಿನ ನಿಂತಾಗ, ಒಳಗೆ ಬಾ ಎಂದರೆ ಯಾವ ಕಾಲು ಮುಂದಿಡಬೇಕೆಂದು ಯೋಚಿಸುವವಳ ಹಾಗೆ ನಿಂತೇ ಇದ್ದಳು.

ಮನೆಯಲ್ಲಿ ಇದ್ದದ್ದು ನಾನು ಮತ್ತು ನನ್ನ ಅತ್ತೆ. ಮಾವ ಮತ್ತು ನನ್ನ ಗಂಡ ಹುಬ್ಬಳ್ಳಿಯಲ್ಲಿ ಹತ್ತಿಯ ಅಡತಿ ಅಂಗಡಿ ನೋಡಿಕೊಳ್ಳುತ್ತಿದ್ದರು. ರವಿವಾರ ಇಬ್ಬರೂ ಬಂದರೂ ಉಂಡು ಮಲಗಿದರೆ ಎಬ್ಬಿಸಿದವರಿಗೆ ಪಾಪ. ಹಾಗಾಗಿ ಮನೆಯ ದರ್ಬಾರೆಲ್ಲ ಅತ್ತೆಯದು. ನಾನು ಹೇಳದೆ ಕೇಳದೆ ಚರ್ಚಿನಲ್ಲಿ ಮಾತು ಕೊಟ್ಟು ಬಂದದ್ದು ಅವರಿಗೆ ಸರಿಬಂದಿರಲಿಲ್ಲ. ಸೊಸೆ ಬಿ.ಎ. ಮಾಡಿದ ಫಲ ಇದು ಎಂದು ನೆರೆಮನೆಯವರಿಗೆ ಕೇಳುವಂತೆ ಹೇಳಿದರು. ಹುಡುಗಿಗೆ ಪಡಸಾಲೆಯಲ್ಲಿ ಬೇರೆ ತಟ್ಟೆ, ಬೇರೆ ತಂಬಿಗೆ. ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ನಾನು ಉರಿದುಬಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬಂತೆ ನಾವಿಬ್ಬರೂ ಎಳೆದಾಡುತ್ತಿರುವಾಗ ಹುಡುಗಿ ಮಾತ್ರ ತನಗೆ ಕೊಟ್ಟ ತಟ್ಟೆಯನ್ನು ಬೆಳಗಿ, ಬೋರಲು ಹಾಕಿ, ತಣ್ಣಗೆ ಕೂತಿರುತ್ತಿದ್ದಳು.

ಹೊಸ್ತಿಲು ದಾಟಿಸಿದ್ದು ನಾನಲ್ಲ, ರೊಟ್ಟಿ. ಹೊರಗೆ ಕೂತು ಅತ್ತೆ ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದವಳು ಒಂದು ರವಿವಾರ, ಇದು ಹರಿಯದೆ ಹ್ಯಾಗೆ ತಿರುಗುತ್ತದೆ ಎಂದು ಕೇಳಿದಳು. ಬೋರ್ಡಿಂಗಿನಲ್ಲಿ ದೊಡ್ಡ ಹಂಡೆಯ ಅನ್ನ, ನುಚ್ಚು; ರೊಟ್ಟಿ ಬಡಿಯುವುದನ್ನು ಅವಳು ಹತ್ತಿರದಿಂದ ಕಂಡೇ ಇರಲಿಲ್ಲ. ಜೋಳದ ನಾಡಿನಲ್ಲಿ ಹುಟ್ಟಿದ ಹೆಣ್ಣು ಹೀಗೆ ಕೇಳಿದ್ದು ಅತ್ತೆಗೆ ಜಾತಿಗಿಂತ ದೊಡ್ಡ ಅನಾಹುತವಾಗಿ ಕಂಡಿರಬೇಕು. ಹಿಟ್ಟಿನ ಕೈಯಲ್ಲೇ ಕೈಬೀಸಿ ಒಳಗೆ ಕರೆದರು. ಅವಳ ಮೊದಲ ರೊಟ್ಟಿ ನಾನು ಕಲಿಸುವ ಯಾವ ನಕಾಶೆಯಲ್ಲೂ ಇಲ್ಲದ ದೇಶದಂತಿತ್ತು. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ಅದನ್ನೇ ತಾವು ತಿಂದರು. ಬೇರೆ ತಟ್ಟೆ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.

ಆಮೇಲಿನ ರವಿವಾರಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಸಂತೆಯಲ್ಲಿ ಚೌಕಾಶಿ ಮಾಡುವುದು ಕಲಿಸಿದೆ. ಅವಳು ಪಾಪ ಎಂದು ಮಾರುವವರು ಹೇಳಿದಷ್ಟು ಕೊಟ್ಟು ಬರುತ್ತಿದ್ದಳು, ನಾನು ಬೈಯುತ್ತಿದ್ದೆ. ಅಂಚೆ ಕಚೇರಿ ತೋರಿಸಿದೆ, ಹುಬ್ಬಳ್ಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಉಣಕಲ್ಲಿನ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಅತ್ತೆಗೆ ಅವಳು 'ಆಯಿ' ಎನ್ನತೊಡಗಿದಳು, ನನಗೆ ಮಾತ್ರ ಶಾಲೆಯ ರೂಢಿಯಂತೆ 'ಅಕ್ಕಾರ'. ಇದರಿಂದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಹೇಳಿದರೆ ಈಗ ಯಾರಿಗೂ ನಷ್ಟವಿಲ್ಲ.

ಅವಳಿಗೆ ನರ್ಸ್ ಆಗಬೇಕಿತ್ತು. ಬೇರೆ ಯಾವ ಆಸೆಯನ್ನೂ ಅವಳು ನನ್ನೆದುರು ಬಾಯಿಬಿಟ್ಟು ಹೇಳಿದ್ದಿಲ್ಲ. ಸಣ್ಣವಳಿದ್ದಾಗ ವಿಷಮಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಳಂತೆ. ಅಲ್ಲಿಯ ನರ್ಸೊಬ್ಬಳು ದಿನಾ ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಬೋರ್ಡಿಂಗಿನಲ್ಲಿ ಏನು ಬಂದರೂ ಎಲ್ಲರಿಗೂ ಬರುತ್ತಿತ್ತು. ತನ್ನೊಬ್ಬಳಿಗಾಗಿ ಒಂದು ಕೈ ಬಂದದ್ದು ಅದೇ ಮೊದಲು ಎಂದು ಅವರೆಕಾಯಿ ಸುಲಿಯುತ್ತ ನನಗೆ ಹೇಳಿದಳು. ದೂರದ ಊರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿ ಇತ್ತು. ಸೇರಬೇಕಾದರೆ ಪರೀಕ್ಷೆ ಪಾಸಾಗಬೇಕು, ಚರ್ಚಿನಲ್ಲಿ ದೃಢೀಕರಣ, ಎಂದರೆ ಸಭೆಯ ಮುಂದೆ ತನ್ನ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ವಿಧಿ, ಆಗಿರಬೇಕು, ಸಭೆಯ ಹಿರಿಯರು ಶಿಫಾರಸು ಕೊಡಬೇಕು. ಪರೀಕ್ಷೆಯ ಹೊಣೆ ನಾನು ಹೊತ್ತೆ. ಎರಡು ವರ್ಷ ಅವಳನ್ನು ಅರೆದು ಹಿಂಡಿ ಓದಿಸಿದೆ. ಪಾಸಾದಳು. ಈಸ್ಟರಿನ ಮೊದಲು ಬರುವ ಗರಿಗಳ ಭಾನುವಾರ ದೃಢೀಕರಣ, ಆಮೇಲೆ ಪ್ರಯಾಣ ಎಂದು ಎಲ್ಲ ಗೊತ್ತಾಯಿತು.

ಹೊರಡುವ ಮುಂಚೆ ನಮ್ಮಲ್ಲಿಗೆ ಬಂದ ಕೊನೆಯ ರವಿವಾರ ನಾನು ಮನೆಯಲ್ಲಿರಲಿಲ್ಲ. ಅವಳಿಗೆ ಒಂದು ಟ್ರಂಕು ಕೊಡಿಸಬೇಕೆಂದು ಪೇಟೆಗೆ ಹೋಗಿದ್ದೆ. ಅಂಗಡಿಯವನೊಡನೆ ವಾದ ಮಾಡಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬರುವಷ್ಟರಲ್ಲಿ ಹುಡುಗಿ ಹೊರಟುಹೋಗಿದ್ದಳು. ಅತ್ತೆ ಪಡಸಾಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮಣೆ ಇನ್ನೂ ಹಾಕಿದ ಹಾಗೇ ಇತ್ತು, ಸುತ್ತ ನಾಲ್ಕು ಅಕ್ಕಿ ಕಾಳು ಚೆಲ್ಲಿದ್ದವು. 

ಉಡಿ ತುಂಬಿ ಕಳಿಸಿದ್ದರು. ನಮ್ಮ ಕಡೆ ಮಗಳು ಮನೆ ಬಿಟ್ಟು ದೂರ ಹೊರಟರೆ ಬರಿಯ ಸೆರಗಿನಲ್ಲಿ ಕಳಿಸುವುದಿಲ್ಲ. ಮದುವೆಯಾಗದ ಹುಡುಗಿಯಾದರೂ ಸರಿ, ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಹಸಿರು ಬಳೆ ಇಡಿಸಿ, ಉಡಿಯಲ್ಲಿ ಅಕ್ಕಿ, ಕುಬಸದ ಖಣ, ಕೊಬ್ಬರಿ, ಉತ್ತತ್ತಿ ಹಾಕುವುದು ನಮ್ಮ ಮನೆಯ ರೂಢಿ. ನನ್ನ ನಾದಿನಿಯರಿಗೆ ಮಾಡಿದ್ದನ್ನೇ ಅತ್ತೆ ಇವಳಿಗೂ ಮಾಡಿದ್ದರು. ನಾನು ಚರ್ಚಿನಲ್ಲಿ ಕೊಟ್ಟ ಮಾತು ಅವರಿಗೆ ಗೊತ್ತಿತ್ತು. ಆದರೆ ಅದು ಪೂಜೆ ಪುನಸ್ಕಾರದ ಮಾತು, ಉಡಿ ಅಂದರೆ ದೇವರ ಸುದ್ದಿಯೇ ಅಲ್ಲ, ಮಗಳ ಸುದ್ದಿ ಎಂದು ಅವರ ಲೆಕ್ಕ. ನಾನು ಕೂಗಾಡಬೇಕೆಂದು ಬಾಯಿ ತೆರೆದೆ. ಅವರ ಮುಖ ನೋಡಿ ಆಗಲಿಲ್ಲ.

ಹುಡುಗಿ ದಾರಿಯಲ್ಲಿ ಕುಂಕುಮ ಒರೆಸಿಕೊಂಡು, ಬಳೆ ತೆಗೆದು, ಉಡಿಯದನ್ನು ಯಾವುದಾದರೂ ಗಿಡದ ಬುಡದಲ್ಲಿ ಬಿಟ್ಟು ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಸೆರಗು ಬಿಗಿಹಿಡಿದು, ಕಾಳು ಉದುರದಂತೆ ನಡೆದು, ಬೋರ್ಡಿಂಗಿನ ದೊಡ್ಡ ಬಾಗಿಲಿನಿಂದಲೇ ಒಳಗೆ ಹೋದಳು. ಮೇಟ್ರನ್ ನೋಡಿದರು. ಸಂಜೆಯೊಳಗೆ ಸುದ್ದಿ ಹಿರಿಯರಿಗೆ ಮುಟ್ಟಿತು.

ಮರುದಿನ ನಾನೇ ಹಿರಿಯರ ಮುಂದೆ ಹೋಗಿ ನಿಂತೆ. ತಪ್ಪು ನಮ್ಮ ಮನೆಯದು, ಹುಡುಗಿಯದಲ್ಲ, ನಾಲ್ಕು ಕಾಳು ಅಕ್ಕಿಗೆ ಒಬ್ಬಳ ಬಾಳು ಕೆಡಿಸಬೇಡಿ ಎಂದು ನನಗೆ ಗೊತ್ತಿದ್ದ ಮಟ್ಟಿಗೆ ನಯವಾಗಿ ಹೇಳಿದೆ. ನಯ ನನಗೆ ಅಷ್ಟು ಒಗ್ಗುವುದಿಲ್ಲ. ಅವರಲ್ಲಿ ಎಲ್ಲರಿಗಿಂತ ಮುದುಕರು ನನ್ನ ಮಾತು ಮುಗಿಯುವ ತನಕ ತಲೆ ಬಗ್ಗಿಸಿ ಕೇಳಿದರು.

"ಅಕ್ಕಾರ, ನಮ್ಮ ಅಜ್ಜಿ ಈ ಮತಕ್ಕ ಬಂದಾಗ ಆಕಿ ತವರವರು ಬಾಗಲಾ ಹಾಕ್ಕೊಂಡ್ರು. ಸಾಯೂತನಾ ಆಕಿಗೆ ಒಬ್ರೂ ಉಡಿ ತುಂಬಲಿಲ್ಲ. ಅದನ್ನ ಬಿಟ್ಟು ಬದುಕಾಕ ಕಲಿಯೂದರಾಗ ನಮಗ ಎರಡ ತಲಿಮಾರು ಹೋದವು. ನೀವು ಪ್ರೀತೀಲೆ ಮಾಡೀರಿ ಅಂತ ನನಗ ಗೊತ್ತೈತಿ. ಬೈದು ಕೊಟ್ಟಿದ್ದಕ್ಕ ನಾವು ಅಂಜೂದಿಲ್ಲರಿ, ಪ್ರೀತೀಲೆ ಕೊಟ್ಟಿದ್ದಕ್ಕ ಅಂಜತೇವಿ" ಎಂದರು.

 ಕೆಟ್ಟವರಾಗಿದ್ದರೆ ಜಗಳಾಡಿ ಬರಬಹುದಿತ್ತು. ಅವರು ದಾರಿಯನ್ನೂ ತೋರಿಸಿದರು. ಗರಿಗಳ ಭಾನುವಾರದ ಮೊದಲು ಹುಡುಗಿ ಹಿರಿಯರೆದುರು ಬಂದು, ಇದು ನನ್ನ ಮನಸ್ಸಿಲ್ಲದೆ ಆದದ್ದು, ಆ ಮನೆಯವರು ಒತ್ತಾಯದಿಂದ ಮಾಡಿದರು ಎಂದು ಒಂದು ಮಾತು ಹೇಳಲಿ. ಅಲ್ಲಿಗೆ ಮುಗಿಯಿತು. ದೃಢೀಕರಣವೂ ಆಗುತ್ತದೆ, ಶಿಫಾರಸೂ ಸಿಗುತ್ತದೆ.

ನನಗೆ ಹೋದ ಜೀವ ಬಂದಂತಾಯಿತು. ಇಷ್ಟೇ ತಾನೆ? ನಮ್ಮ ಮೇಲೆ ಹೊರಿಸಿದರೆ ನಮಗೇನು ಕಮ್ಮಿಯಾಯಿತು! ಅಲ್ಲಿಂದ ನೇರ ಬೋರ್ಡಿಂಗಿಗೆ ಹೋದೆ. ಹುಡುಗಿ ಹಿತ್ತಿಲಲ್ಲಿ ಚಿಕ್ಕ ಮಕ್ಕಳ ತಲೆ ಬಾಚುತ್ತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ, ಮೇಟ್ರನ್ ತೆಗೆಸಿದ್ದರು. ಮಕ್ಕಳನ್ನು ಅತ್ತ ಕಳಿಸಿ ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. ಹೇಳಬೇಕಾದ ಮಾತನ್ನೂ ಪಾಠ ಒಪ್ಪಿಸುವ ಹಾಗೆ ಹೇಳಿಕೊಟ್ಟೆ. ಅವಳು ಬಾಚಣಿಗೆಯ ಕೂದಲು ಬಿಡಿಸುತ್ತ ಕೇಳಿಸಿಕೊಂಡಳು.

"ನನಗ ಹೇಳಾಕ ಆಗೂದಿಲ್ಲರಿ ಅಕ್ಕಾರ" ಎಂದಳು.

ನನಗೆ ಸಿಟ್ಟು ಬಂತು. ಎರಡು ವರ್ಷದ ಓದು, ಟ್ರಂಕು, ಆಸ್ಪತ್ರೆ ಎಲ್ಲ ನೆನಪಿಸಿ ಬೈದೆ. ಅತ್ತೆಗೆ ಇದು ಎಂದೂ ತಿಳಿಯುವುದಿಲ್ಲ, ತಿಳಿದರೂ ಅವರೇ ಹೇಳು ಅನ್ನುತ್ತಾರೆ ಎಂದೆ. ಕೊನೆಗೆ ಕೈಮುಗಿಯುವುದೊಂದು ಬಾಕಿ. ಅವಳು ಅಳಲಿಲ್ಲ.

"ಆಯಿ ಕೇಳಿದ್ರು, ಬ್ಯಾಡಂದ್ರ ಬ್ಯಾಡ ಬಿಡವಾ ಅಂತ. ನಾನ ಮಣಿ ಮ್ಯಾಲೆ ಕುಂತೆ. ಮಗಳು ಅಂತ ನನಗ ಯಾರೂ ಅಂದಿದ್ದಿಲ್ಲ. ಅಂದವರನ್ನ ಹೋಗಿ ಒತ್ತಾಯ ಮಾಡಿದ್ರು ಅಂತ ಹ್ಯಾಂಗ ಹೇಳ್ಲಿ?"

ಗರಿಗಳ ಭಾನುವಾರ ನಾನು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬಿಳಿ ಸೀರೆ ಉಟ್ಟ ಹುಡುಗಿಯರು ಸಾಲಾಗಿ ಮುಂದೆ ಹೋದರು. ಅವಳು ತನ್ನ ದಿನದ ಬಟ್ಟೆಯಲ್ಲೇ ಚಿಕ್ಕ ಮಕ್ಕಳ ನಡುವೆ ಚಾಪೆಯ ಮೇಲಿದ್ದಳು. ಹಿರಿಯರು ಅವಳ ದೃಢೀಕರಣವನ್ನು ಒಂದು ವರ್ಷ ಮುಂದೆ ಹಾಕಿದ್ದರು. ಆಸ್ಪತ್ರೆಯವರು ಆ ಜಾಗಕ್ಕೆ ಬೇರೆ ಹುಡುಗಿಯನ್ನು ತೆಗೆದುಕೊಂಡರು. ರವಿವಾರದ ಮನೆಯಾಗಿ ನಮ್ಮ ಮನೆಯೂ ಅಲ್ಲಿಗೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಆ ತುತ್ತನ್ನು ತಟ್ಟಿ ಕೆಳಗೆ ಹಾಕಿದ್ದು ನಮ್ಮದೇ ಕೈ ಎಂದು ನನಗೆ ಎಷ್ಟೋ ದಿನ ಅನ್ನ ಸೇರಲಿಲ್ಲ.

ವರ್ಷ ತುಂಬುವುದರೊಳಗೆ ಅವಳಿಗೆ ಹದಿನೆಂಟು ದಾಟಿತು. ಬೋರ್ಡಿಂಗಿನಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ, ನಮ್ಮ ಮನೆಗೆ ಕಳಿಸಿ ಎಂದರೆ ಹಿರಿಯರು ಒಪ್ಪುವ ಹಾಗಿರಲಿಲ್ಲ. ಪಾಸ್ಟರೇ ಮುಂದೆ ನಿಂತು ಮದುವೆ ಗೊತ್ತು ಮಾಡಿದರು. ವರ ಹಳಿಯಾಳದ ಕಡೆ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದವನು. ಒಳ್ಳೆಯವನು, ಕುಡಿತವಿಲ್ಲ, ಕೈಯೆತ್ತುವವನಲ್ಲ. ಹಾಗಾಗಿ ನನಗೆ ಬೈಯಲು ಅಲ್ಲಿಯೂ ಯಾರೂ ಸಿಗಲಿಲ್ಲ. ಟ್ರಂಕು ಮದುವೆಯ ಉಡುಗೊರೆಯಾಗಿ ಹೋಯಿತು.

ಅತ್ತೆಗೆ ನಾನು ನಿಜ ಹೇಳಲಿಲ್ಲ. ಈ ವರ್ಷ ಆಸ್ಪತ್ರೆಯಲ್ಲಿ ಜಾಗ ಇಲ್ಲವಂತೆ ಎಂದೆ, ಆಮೇಲೆ ಮದುವೆ ಗೊತ್ತಾಯಿತಂತೆ ಎಂದೆ. ಅವರು ಖುಷಿಪಟ್ಟರು. ಊರಿನವರ ಗಾಯ ತೊಳೆಯುವುದಕ್ಕಿಂತ ತನ್ನ ಸಂಸಾರ ಮಾಡಿಕೊಳ್ಳುವುದು ಮೇಲು ಎಂದು ಅವರ ಮತ. ಪಂಚಮಿ ಬಂದಾಗ ಮಾತ್ರ, ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹೊತ್ತಿಗೆ, ಆ ಹುಡುಗಿ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದರು. ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೊಂದು ಹೇಳಿ ಎದ್ದುಹೋಗುತ್ತಿದ್ದೆ.

ಅವಳು ಬಂದದ್ದು ಕೆಲವು ವರ್ಷಗಳ ನಂತರ, ಹಬ್ಬಕ್ಕಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಪಾಸ್ಟರರ ಹೆಂಡತಿಯಿಂದ ಸುದ್ದಿ ತಿಳಿದು, ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದು ಬಂದುಬಿಟ್ಟಳು. ಈ ಸಲ ಯಾವ ಕಾಲು ಮುಂದಿಡಬೇಕೆಂದು ಯೋಚಿಸಲಿಲ್ಲ. ಮಗುವನ್ನು ನನ್ನ ಕೈಗಿತ್ತು ಒಳಗೆ ಹೋದಳು.

ಅಲ್ಲಿಯ ತನಕ ಅತ್ತೆ ಮಗ್ಗುಲು ತಿರುಗಿಸಲು ನಾನು ಕೈ ಹಾಕಿದರೆ ಓಣಿ ಕೇಳುವ ಹಾಗೆ ಕೂಗುತ್ತಿದ್ದರು. ಅವಳು ಬಂದ ಮೇಲೆ ಕೂಗು ನಿಂತಿತು. ಬೆನ್ನಿನ ಹುಣ್ಣು ತೊಳೆಯುವಾಗ ಏನೇನೋ ಮಾತಾಡಿಸುತ್ತಿದ್ದಳು. ಮಾತು ಮುಗಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಯಾರಾದರೂ ಕಲಿಸಿದ್ದರೆ ಎಂಥವಳಾಗುತ್ತಿದ್ದಳು ಎಂದು ನೋಡಿದಾಗಲೆಲ್ಲ ಅಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಕೋಣೆಯ ಬಾಗಿಲಿಗೆ ಬಂದಿದ್ದೆ. ಅವಳು ಅತ್ತೆಯ ಕೆಳಗಿನ ದುಪ್ಪಟಿ ಬದಲಿಸಿ ಅಂಚು ಮಡಚುತ್ತಿದ್ದಳು. ಅತ್ತೆ ಅವಳ ಕೈ ಹಿಡಿದುಕೊಂಡರು.

"ಎಂಥಾ ಕೈ ಐತಿ ನಿಂದು. ನರ್ಸ್ ಆಗ್ತೇನಿ, ನರ್ಸ್ ಆಗ್ತೇನಿ ಅಂತಿದ್ದಿ. ಯಾಕ ಬಿಟ್ಟಿ ಮಗಳ?"

ನಾನು ಬಾಗಿಲಲ್ಲೇ ನಿಂತೆ. ಅವಳು ನನ್ನ ಕಡೆ ನೋಡಲಿಲ್ಲ. ಅಂಚನ್ನು ಗಾದಿಯ ಕೆಳಗೆ ಸೇರಿಸಿ ಕೈಯಿಂದ ಸಾಪು ಮಾಡಿದಳು.

"ನನಗ ಮನಸಾಗಲಿಲ್ಲರಿ ಆಯಿ. ಲಗ್ನಾ ಮಾಡ್ಕೋಬೇಕು ಅನಿಸ್ತು" ಎಂದಳು.

ಛಲೋ ಮಾಡಿದಿ ಬಿಡು ಎಂದು ಅತ್ತೆ ನಕ್ಕು ಕಣ್ಣು ಮುಚ್ಚಿದರು. ತನ್ನ ಇಡೀ ಬಾಳಿಗಾಗಿ ಒಂದು ಸುಳ್ಳು ಹೇಳು ಎಂದು ನಾನು ಅಷ್ಟು ಬೇಡಿಕೊಂಡಾಗ ಆಗುವುದಿಲ್ಲ ಎಂದವಳು, ಈಗ ತಡವರಿಸದೆ ಹೇಳಿಬಿಟ್ಟಿದ್ದಳು.  ಅವಳೇ ಎದ್ದು ಬಂದು, ಗಂಜಿ ಆರುತ್ತದೆ ಎಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಹೋದಳು.